ಯಾಗಿ ಆ್ಯಂಟೆನಾ: ಬಿಟ್ಟುಹೋದ ಇನ್ನೊಂದು ಹೆಸರು

ಭಾಗ 1/8
(ಫೋಟೋ: ನಮ್ಮ ತಾರಸಿ, ಸಂಜೆ ಆರೂವರೆ)

ಕಳೆದ ತಿಂಗಳು ಇಲ್ಲೇ ಒಂದು ಫೋಟೋ ಹಾಕಿದ್ದೆ, ನೆನಪಿದೆಯಾ? ನನ್ನ ಕೈಯಲ್ಲಿ ಬಿಳಿ ಪಿವಿಸಿ ಪೈಪು, ಅದಕ್ಕೆ ಅಡ್ಡಡ್ಡವಾಗಿ ಹಳದಿ ಅಳತೆ ಟೇಪಿನ ಮೂರು ಪಟ್ಟಿ. "ನಾನೇ ಮಾಡಿದ ಯಾಗಿ ಆ್ಯಂಟೆನಾ. ಇದರಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಬಂದ ಚಿತ್ರ ಹಿಡಿದೆ" ಅಂತ ಕ್ಯಾಪ್ಷನ್. ಎರಡನೇ ಸ್ಲೈಡ್‌ನಲ್ಲಿ ಆ ಚಿತ್ರ, ಅರ್ಧ ಸ್ಪಷ್ಟ, ಅರ್ಧ ಬರೀ ಗೆರೆ. "ಬಿಕಾಂ ಹುಡುಗಿ ರಾಕೆಟ್ ಸೈನ್ಸ್ ಶುರು ಮಾಡಿದಾಳೆ" ಅಂತ ನೀವೆಲ್ಲ ಕಾಮೆಂಟ್ ಮಾಡಿದ್ರಿ. ನನಗೂ ಎರಡು ದಿನ ಕಾಲು ನೆಲದ ಮೇಲೆ ಇರಲಿಲ್ಲ.

ಆಮೇಲೆ ಈ ಆ್ಯಂಟೆನಾದ ಇತಿಹಾಸ ಓದೋಕೆ ಕೂತೆ. ಓದ್ತಾ ಓದ್ತಾ ಗೊತ್ತಾಯ್ತು, ನನ್ನ ಆ ಒಂದು ಸಾಲಿನ ಕ್ಯಾಪ್ಷನ್‌ನಲ್ಲಿ ಎರಡು ತಪ್ಪಿವೆ. ಒಂದು ತಪ್ಪು ಹತ್ತಿರ ಹತ್ತಿರ ನೂರು ವರ್ಷ ಹಳೆಯದು, ಪ್ರಪಂಚವೆಲ್ಲ ಮಾಡಿದ್ದು. ಇನ್ನೊಂದು ನನ್ನದೇ.

ಈ ಸರಣಿ ಎರಡನ್ನೂ ಸರಿ ಮಾಡೋದಕ್ಕೆ. ಎಂಟು ಭಾಗ ಇದೆ. ಇಂಟರ್ನಲ್ಸ್ ಹತ್ತಿರ ಬಂದಿದೆ ಅಂತ ಗೊತ್ತು, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಭಾಗ 2/8
(ಫೋಟೋ: ಪಕ್ಕದ ಬೀದಿಯ ಹಳೇ ಮನೆ, ಅದರ ಮೇಲಿನ ಟಿವಿ ಆ್ಯಂಟೆನಾ)

ಯಾಗಿ ಅನ್ನೋ ಹೆಸರು ಕೇಳಿರದಿದ್ರೂ ಈ ವಸ್ತುವನ್ನ ನೀವೆಲ್ಲ ನೋಡಿದೀರಿ. ಮೀನಿನ ಮುಳ್ಳಿನ ಆಕಾರ. ಹಳೇ ಮನೆಗಳ ಮೇಲೆ ತುಕ್ಕು ಹಿಡಿದ ಕಬ್ಬಿಣದ ಪೈಪಿಗೆ ಈಗಲೂ ಕಟ್ಟಿರುತ್ತೆ, ಕಾಗೆ ಕೂರೋಕೆ ಬಿಟ್ಟರೆ ಬೇರೆ ಉಪಯೋಗ ಇಲ್ಲ. ಕೇಬಲ್, ಡಿಶ್ ಬರೋ ಮುಂಚೆ ಇಡೀ ಊರಿಗೆ ದೂರದರ್ಶನ ತೋರಿಸ್ತಿದ್ದದ್ದು ಇದೇ.

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರೋಕೆ ಶುರುವಾದಾಗ ನಮ್ಮಮ್ಮ ಇನ್ನೂ ಪ್ರೈಮರಿ ಶಾಲೆ. ಅಮ್ಮ ಹೇಳೋ ಕತೆ ನಿಮ್ಮ ಮನೆಯಲ್ಲೂ ಇರುತ್ತೆ: ಮಾವ ಮಾಳಿಗೆ ಮೇಲೆ ಪೈಪು ಹಿಡ್ಕೊಂಡು ನಿಂತಿರ್ತಿದ್ರು, ಅಜ್ಜಿ ಅಂಗಳದಲ್ಲಿ, ಅಮ್ಮ ಟಿವಿ ಮುಂದೆ.

"ಬಂತಾ?"
"ಇಲ್ಲ, ಬರೀ ಚುಕ್ಕಿ!"
"ಈಗ?"
"ಬಂತು ಬಂತು... ಅಯ್ಯೋ, ಹೋಯ್ತು!"

ನಾವು ಇದನ್ನ ತಮಾಷೆ ಅಂತ ನೆನೆಸ್ಕೊಳ್ತೀವಿ. ಆದ್ರೆ ಒಬ್ಬರು ತಿರುಗಿಸೋದು, ಒಬ್ಬರು ನೋಡಿ ಹೇಳೋದು, ಮತ್ತೆ ಸ್ವಲ್ಪ ತಿರುಗಿಸೋದು, ಇದು ಸರಿಯಾದ ಪ್ರಯೋಗ ಕಣ್ರೀ. ಈ ಆ್ಯಂಟೆನಾ ಎಲ್ಲ ಕಡೆಯಿಂದ ಒಂದೇ ಥರ ಕೇಳಿಸ್ಕೊಳ್ಳಲ್ಲ. ನೀವು ಕಿವಿ ಹಿಂದೆ ಅಂಗೈ ಇಟ್ಕೊಂಡು ಒಂದು ಕಡೆ ತಿರುಗಿ ಕೇಳ್ತೀರಲ್ಲ, ಹಾಗೆ ಒಂದು ದಿಕ್ಕಿಗೆ ಮಾತ್ರ ಕಿವಿ ಕೊಡುತ್ತೆ. ಮಾವ ಹುಡುಕ್ತಿದ್ದದ್ದು ಆ ದಿಕ್ಕನ್ನ.

ನಾಲ್ಕು ಅಲ್ಯೂಮಿನಿಯಂ ಕಡ್ಡಿಗೆ ಹೀಗೆ ದಿಕ್ಕು ಗೊತ್ತಾಗೋ ಹಾಗೆ ಮಾಡಿದ್ದು ಯಾರು? ಅದಕ್ಕೆ ಜಪಾನಿಗೆ ಹೋಗ್ಬೇಕು.

ಭಾಗ 3/8
(ಫೋಟೋ: ನನ್ನ ನೋಟ್ಸಿನ ಪುಟ, ನಕ್ಷೆಯಲ್ಲಿ ಸೆಂಡಾಯ್)

ಜಪಾನಿನ ಈಶಾನ್ಯಕ್ಕೆ ಸೆಂಡಾಯ್ ಅಂತ ಊರು. ಅಲ್ಲಿನ ತೊಹೊಕು ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಹಿಡೆತ್ಸುಗು ಯಾಗಿ ಅಂತ ಪ್ರೊಫೆಸರ್ ಇದ್ದರು. ಹುಟ್ಟಿದ್ದು 1886. ಜರ್ಮನಿ, ಇಂಗ್ಲೆಂಡ್, ಅಮೆರಿಕ ಮೂರೂ ಕಡೆ ದೊಡ್ಡ ದೊಡ್ಡವರ ಹತ್ತಿರ ಕಲಿತು ಬಂದವರು. ಅವರ ಲ್ಯಾಬಿಗೆ ಸಹಾಯಕರಾಗಿ ಸೇರಿದವರು ಶಿಂಟಾರೊ ಉದಾ. ಹುಟ್ಟಿದ್ದು 1896, ಅಂದ್ರೆ ಗುರುಗಳಿಗಿಂತ ಹತ್ತು ವರ್ಷ ಚಿಕ್ಕವರು. ಅದೇ ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಪದವಿ ಮುಗಿಸಿದವರು.

ಆಗಿನ ಕಾಲದಲ್ಲಿ ರೇಡಿಯೋ ಅಂದ್ರೆ ಉದ್ದ ತರಂಗ. ದೊಡ್ಡ ಕಂಪನಿಗಳು, ಸೈನ್ಯಗಳು ನೂರಾರು, ಸಾವಿರಾರು ಮೀಟರ್ ತರಂಗಾಂತರದ ಮೇಲೆ ಕೂತಿದ್ದವು. ಅಮೆರಿಕದಲ್ಲಿ 1912ರ ಕಾನೂನು ಹವ್ಯಾಸಿ ರೇಡಿಯೋದವರನ್ನ, ಅಂದ್ರೆ ಈಗ ನಾವು ಹ್ಯಾಮ್ ಅಂತ ಕರೆಯೋರನ್ನ, 200 ಮೀಟರ್ ಮತ್ತು ಅದಕ್ಕಿಂತ ಕಡಿಮೆಗೆ ತಳ್ಳಿತ್ತು. ಆ ಜಾಗ ಏನಕ್ಕೂ ಬರಲ್ಲ, ಆಡ್ಕೊಳ್ಳಲಿ ಅಂತ. 1923ರಲ್ಲಿ ಆ ಹವ್ಯಾಸಿಗಳೇ ಸುಮಾರು ನೂರು ಮೀಟರಿನ ತರಂಗದಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಈಚೆ ಮಾತಾಡಿ ತೋರಿಸಿದ್ರು. ಕೆಲಸಕ್ಕೆ ಬಾರದ್ದು ಅಂದುಕೊಂಡ ಜಾಗದಲ್ಲೇ ನಿಧಿ ಇತ್ತು.

ಸೆಂಡಾಯ್‌ನಲ್ಲಿ ಇನ್ನೂ ಕೆಳಗೆ ಇಳಿದರು. ಉದಾ ಅವರ ಮೊದಲ ಪ್ರಯೋಗಗಳು ನಡೆದದ್ದು 4.4 ಮೀಟರ್ ತರಂಗದಲ್ಲಿ. ತರಂಗ ಚಿಕ್ಕದಾದಷ್ಟೂ ಆ್ಯಂಟೆನಾ ಚಿಕ್ಕದಾಗುತ್ತೆ, ಅಂಗಳದಲ್ಲೇ ನಿಲ್ಲಿಸಿ ಪಕ್ಕದಲ್ಲಿ ಇನ್ನೊಂದು ಕಡ್ಡಿ ಇಟ್ಟು, ತೆಗೆದು, ಉದ್ದ ಬದಲಿಸಿ ನೋಡಬಹುದು. ಉದಾ ಮಾಡಿದ್ದು ಅದನ್ನೇ, ವರ್ಷಗಟ್ಟಲೆ. 1926ರಿಂದ 1929ರವರೆಗೆ ಜಪಾನಿ ಭಾಷೆಯಲ್ಲಿ ಒಂದೇ ವಿಷಯದ ಮೇಲೆ ಹನ್ನೊಂದು ಲೇಖನಗಳ ಸರಣಿ ಬರೆದರು. ನಾನು ಎಂಟು ಭಾಗಕ್ಕೇ ಸುಸ್ತಾಗಿದೀನಿ.

ಭಾಗ 4/8
(ಫೋಟೋ: ಮೂರು ಪಟ್ಟಿ ಹತ್ತಿರದಿಂದ. ವೈರು ಯಾವುದಕ್ಕಿದೆ ನೋಡಿ)

ಈ ಭಾಗ ಮಾತ್ರ ನಿಧಾನ ಓದಿ, ಇಡೀ ಕತೆ ಇದರ ಮೇಲೆ ನಿಂತಿದೆ.

ಫೋಟೋದಲ್ಲಿ ಮೂರು ಪಟ್ಟಿ ಇದೆ. ನಡುವಿನದಕ್ಕೆ ಮಾತ್ರ ವೈರು. ಹಿಂದಿನದಕ್ಕೂ ಮುಂದಿನದಕ್ಕೂ ಏನೂ ಇಲ್ಲ, ಸುಮ್ಮನೆ ಕೂತಿವೆ. ಹೊಸಬರು ಯಾರೇ ನೋಡಲಿ, "ಅವೆರಡು ಯಾಕೆ, ಶೋಗಾ?" ಅಂತಾರೆ. ನಾನೂ ಅಂದಿದ್ದೆ.

ನಡುವಿನ ಕಡ್ಡಿ ತರಂಗದ ಸರಿಸುಮಾರು ಅರ್ಧದಷ್ಟು ಉದ್ದ ಇರುತ್ತೆ. ಅದು ಕಳಿಸಿದ ತರಂಗ ಪಕ್ಕದ ಕಡ್ಡಿಗಳಿಗೆ ತಾಗಿದಾಗ ಅವುಗಳಲ್ಲೂ ಕರೆಂಟ್ ಓಡುತ್ತೆ, ಅವೂ ತಮ್ಮ ಪಾಲಿನ ತರಂಗ ಹೊರಡಿಸುತ್ತವೆ. ಅರ್ಧ ತರಂಗಕ್ಕಿಂತ ಚೂರು ಉದ್ದದ ಕಡ್ಡಿಯಲ್ಲಿ ಕರೆಂಟ್ ಕೊಂಚ ತಡವಾಗುತ್ತೆ, ಚೂರು ಗಿಡ್ಡದರಲ್ಲಿ ಕೊಂಚ ಬೇಗ. ಜೋಕಾಲಿ ತೂಗೋವಾಗ ಹೊತ್ತು ನೋಡಿ ತಳ್ಳಿದ್ರೆ ಮೇಲಕ್ಕೇರುತ್ತೆ, ಹೊತ್ತಲ್ಲದ ಹೊತ್ತಲ್ಲಿ ತಳ್ಳಿದ್ರೆ ನಿಂತುಹೋಗುತ್ತೆ, ಅಲ್ವಾ? ಇಲ್ಲೂ ಹಾಗೆ. ಮುಂದಿನ ದಿಕ್ಕಿನಲ್ಲಿ ಮೂರೂ ತರಂಗ ಕೂಡಿಕೊಳ್ಳುತ್ತವೆ, ಹಿಂದಿನ ದಿಕ್ಕಿನಲ್ಲಿ ಒಂದನ್ನೊಂದು ಅಳಿಸಿ ಹಾಕುತ್ತವೆ.

ಉದ್ದದ ಕಡ್ಡಿ ಹಿಂದೆ ನಿಂತು ಕನ್ನಡಿ ಥರ ವಾಪಸ್ ಕಳಿಸುತ್ತೆ, ಅದು ರಿಫ್ಲೆಕ್ಟರ್. ಗಿಡ್ಡ ಕಡ್ಡಿ ಮುಂದೆ ನಿಂತು ದಾರಿ ತೋರಿಸುತ್ತೆ, ಅದು ಡೈರೆಕ್ಟರ್. ಮುಂದೆ ಸಾಲಾಗಿ ಇನ್ನಷ್ಟು ಡೈರೆಕ್ಟರ್ ಇಟ್ಟಷ್ಟೂ ಕಿರಣ ಚೂಪಾಗುತ್ತೆ. ಆ ಸಾಲನ್ನ ಅವರು ತರಂಗದ ಕಾಲುವೆ ಅಂತ ಕರೆದರು.

ವ್ಯತ್ಯಾಸ ಎಷ್ಟು ಗೊತ್ತಾ? ಸುಮಾರು ನೂರಕ್ಕೆ ಐದು. 4.4 ಮೀಟರ್ ತರಂಗಕ್ಕೆ ಅರ್ಧ 2.2 ಮೀಟರ್, ಅದರಲ್ಲಿ ಐದು ಪರ್ಸೆಂಟ್ 11 ಸೆಂಟಿಮೀಟರ್. ಅರ್ಧ ಗೇಣು! ಅರ್ಧ ಗೇಣು ಆ ಕಡೆ ಆದ್ರೆ ಕನ್ನಡಿ, ಈ ಕಡೆ ಆದ್ರೆ ದಾರಿ. ಇದನ್ನ ಅಳೆದು ಅಳೆದು ಕಂಡುಹಿಡಿದ ಕೈ ಉದಾ ಅವರದು.

ಭಾಗ 5/8
(ಫೋಟೋ: ನನ್ನ ಅಕೌಂಟೆನ್ಸಿ ನೋಟ್‌ಬುಕ್)

ಹಾಗಾದ್ರೆ ಬರೀ "ಯಾಗಿ" ಅನ್ನೋ ಹೆಸರು ಹೇಗೆ ಬಂತು?

1926ರಲ್ಲಿ ಇಬ್ಬರ ಹೆಸರಲ್ಲೂ ಒಂದು ಚಿಕ್ಕ ವರದಿ ಬಂದಿತ್ತು. ಆದರೆ ಪೇಟೆಂಟ್ ಯಾಗಿ ಅವರೊಬ್ಬರ ಹೆಸರಲ್ಲಿ. ಉದಾ ಅವರ ಉದ್ದನೆಯ ಸರಣಿ ಇದ್ದದ್ದು ಜಪಾನಿ ಭಾಷೆಯಲ್ಲಿ, ಹೊರಗಿನವರು ಓದೋ ಹಾಗಿರಲಿಲ್ಲ. 1928ರಲ್ಲಿ ಯಾಗಿ ಅಮೆರಿಕಕ್ಕೆ ಹೋಗಿ ಭಾಷಣ ಮಾಡಿದರು, ಅದೇ ವರ್ಷ ಅಲ್ಲಿನ ರೇಡಿಯೋ ಎಂಜಿನಿಯರುಗಳ ಪತ್ರಿಕೆಯಲ್ಲಿ ಇಂಗ್ಲಿಷ್ ಲೇಖನ ಬರೆದರು. ಪ್ರಪಂಚ ಓದಿದ್ದು ಅದನ್ನ. ಅದರ ಮೇಲಿದ್ದ ಹೆಸರು ಯಾಗಿ. ಅಷ್ಟೇ, ಅಂಟಿಕೊಳ್ತು.

ಇಲ್ಲಿ ನಾವು ಅನ್ಯಾಯ ಮಾಡಬಾರದು. ಯಾಗಿ ಕದ್ದವರಲ್ಲ. ಆ ಇಂಗ್ಲಿಷ್ ಲೇಖನದ ಒಳಗೆ ಉದಾ ಅವರ ಕೆಲಸವನ್ನ ಹೆಸರು ಹೇಳಿಯೇ ಬರೆದಿದ್ದಾರೆ. ಲ್ಯಾಬ್ ಕಟ್ಟಿದ್ದು ಅವರು, ಚಿಕ್ಕ ತರಂಗದ ಕಡೆ ಹೋಗೋಣ ಅಂದದ್ದು ಅವರು. ಆದ್ರೆ ಜನ ಒಳಗೆ ಓದಲ್ಲ, ಮೇಲಿನ ಹೆಸರು ನೋಡ್ತಾರೆ. ನಾವೂ ಅಷ್ಟೇ ತಾನೇ? ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಪಿಪಿಟಿ ಮುಂದೆ ನಿಂತು ಮಾತಾಡಿದವರು ನೆನಪಿರ್ತಾರೆ, ರಾತ್ರಿ ಕೂತು ಎಕ್ಸೆಲ್ ಶೀಟ್ ತುಂಬಿದವರು ಯಾರಿಗೆ ನೆನಪು?

ನಮ್ಮ ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಒಂದು ಎಂಟ್ರಿಯನ್ನ ಒಂದೇ ಕಡೆ ಬರೆದು ಇನ್ನೊಂದು ಕಡೆ ಬಿಟ್ರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲ್ಲ. ಆಗ ಏನ್ ಮಾಡ್ತೀವಿ? ತಪ್ಪು ಸಿಗೋವರೆಗೂ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ. ಉದಾ ಅವರ ಹೆಸರು ಹಾಗೆ ವರ್ಷಗಟ್ಟಲೆ ಸಸ್ಪೆನ್ಸ್ ಅಕೌಂಟ್‌ನಲ್ಲಿ ಬಿದ್ದಿತ್ತು.

ಇನ್ನೊಂದು ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. 1932ರಲ್ಲಿ ಯಾಗಿ ಅವರಿಗೆ ಸಿಕ್ಕ ಅಮೆರಿಕದ ಪೇಟೆಂಟ್‌ನ ಶೀರ್ಷಿಕೆಯಲ್ಲೇ "ದಿಕ್ಕು ಬದಲಿಸಬಲ್ಲ" ಅನ್ನೋ ಅರ್ಥದ ಮಾತಿದೆ. ಅಂದ್ರೆ ಇದು ಹುಟ್ಟಿನಿಂದಲೇ ಹೊಂದಿಸಿಕೊಳ್ಳೋ ಆ್ಯಂಟೆನಾ.

ಭಾಗ 6/8
(ಈ ಭಾಗಕ್ಕೆ ಫೋಟೋ ಹಾಕಿಲ್ಲ, ಬರೀ ಕಪ್ಪು ಸ್ಲೈಡ್)

1942ರ ಫೆಬ್ರವರಿ 15. ಬ್ರಿಟಿಷರ ಸಿಂಗಾಪುರ ಜಪಾನಿ ಸೈನ್ಯಕ್ಕೆ ಶರಣಾಯ್ತು. ಅಲ್ಲಿ ವಶಪಡಿಸಿಕೊಂಡ ಕಾಗದಗಳ ನಡುವೆ ಒಬ್ಬ ಬ್ರಿಟಿಷ್ ರೇಡಾರ್ ಸೈನಿಕ ಕೈಯಲ್ಲಿ ಬರೆದಿದ್ದ ನೋಟ್ಸ್ ಸಿಕ್ತು. ಓದಿದ ಜಪಾನಿ ತಂತ್ರಜ್ಞರಿಗೆ ಒಂದು ಪದ ಅರ್ಥವೇ ಆಗಲಿಲ್ಲ. ಮತ್ತೆ ಮತ್ತೆ ಬರ್ತಿತ್ತು: "ಯಾಗಿ". ಇಂಗ್ಲಿಷ್ ಪದವಾ? ಸಂಕೇತವಾ? ಕೊನೆಗೆ ಸೆರೆಯಲ್ಲಿದ್ದ ಆ ಸೈನಿಕನನ್ನೇ ಕರೆಸಿ ಕೇಳಿದರು. ಅವನು ಆಶ್ಚರ್ಯದಿಂದ ನೋಡಿ, ಅದು ಈ ಆ್ಯಂಟೆನಾ ಕಂಡುಹಿಡಿದ ನಿಮ್ಮ ದೇಶದ ಪ್ರೊಫೆಸರ್ ಹೆಸರು ಅಂದನಂತೆ. ಇದನ್ನ ಜಪಾನಿನ ಎಂಜಿನಿಯರುಗಳೇ ಮುಂದೆ ಬರೆದಿಟ್ಟರು.

ಮನೆಯಲ್ಲಿ ಹುಟ್ಟಿದ ವಿದ್ಯೆ ಮನೆಯವರಿಗೇ ಗೊತ್ತಿರಲಿಲ್ಲ. ಬ್ರಿಟಿಷರು ಅದನ್ನ ರೇಡಾರ್‌ಗೆ ಹಾಕ್ಕೊಂಡಿದ್ರು, ಜಲಾಂತರ್ಗಾಮಿ ಹುಡುಕೋ ವಿಮಾನಗಳ ರೆಕ್ಕೆಗೂ ಕಟ್ಟಿದ್ರು.

ಇಷ್ಟಕ್ಕೇ ನಿಂತಿದ್ರೆ ಇದು ಕಾಲೇಜ್ ಕ್ವಿಜ್‌ಗೆ ಒಳ್ಳೇ ಪ್ರಶ್ನೆ ಆಗಿ ಉಳೀತಿತ್ತು. ನಿಲ್ಲಲಿಲ್ಲ.

1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಿದ್ದ ಬಾಂಬು ನೆಲಕ್ಕೆ ಬಡಿದು ಸಿಡಿದದ್ದಲ್ಲ. ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯೋ ಹಾಗೆ ಮಾಡಿದ್ರು. ನೆಲ ಎಷ್ಟು ದೂರ ಇದೆ ಅಂತ ಅಳೆಯೋಕೆ ಬಾಂಬಿನಲ್ಲಿ ಪುಟ್ಟ ರೇಡಾರ್‌ಗಳಿದ್ದವು. ಅವುಗಳ ಆ್ಯಂಟೆನಾಗಳು ಬಾಂಬಿನ ಮೈಮೇಲೆ ಚಾಚಿಕೊಂಡಿದ್ದವು. ಅವು ಯಾಗಿ ಆ್ಯಂಟೆನಾಗಳು. ಮೂರು ದಿನ ಬಿಟ್ಟು ನಾಗಸಾಕಿ ಮೇಲೆ ಬಿದ್ದದ್ದರಲ್ಲೂ ಅವೇ.

ಇದನ್ನ ಓದಿದ ರಾತ್ರಿ ತಾರಸಿಗೆ ಹೋಗಿ ನಮ್ಮ ಪಿವಿಸಿ ಆ್ಯಂಟೆನಾ ಮುಂದೆ ಸುಮ್ಮನೆ ಕೂತಿದ್ದೆ. ಕಡ್ಡಿಗೆ ಯಾರು ಒಳ್ಳೆಯವರು, ಯಾರು ಕೆಟ್ಟವರು ಗೊತ್ತಾಗಲ್ಲ. ನೀವು ಯಾವ ದಿಕ್ಕಿಗೆ ಹಿಡಿದ್ರೆ ಆ ದಿಕ್ಕಿಗೆ ಕೆಲಸ ಮಾಡುತ್ತೆ.

ಭಾಗ 7/8
(ಫೋಟೋ: ಎಸ್‌ಡಬ್ಲ್ಯುಆರ್ ಮೀಟರ್, ಮುಳ್ಳು ಎಲ್ಲಿದೆ ನೋಡಿ)

ಯುದ್ಧದ ಆಚೆ ಈಚೆ ಇದನ್ನ ಪ್ರೀತಿಯಿಂದ ಬೆಳೆಸಿದವರು ಹ್ಯಾಮ್‌ಗಳು. 1937ರಲ್ಲಿ ಅಮೆರಿಕದ ಜಿ. ಎಚ್. ಬ್ರೌನ್ ಅನ್ನೋ ಎಂಜಿನಿಯರ್, ಕಡ್ಡಿಗಳನ್ನ ಹತ್ತಿರ ಹತ್ತಿರ ಇಟ್ರೂ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಲೆಕ್ಕ ಹಾಕಿ ತೋರಿಸಿದ್ರು. ಇದರಿಂದ ಇಡೀ ಆ್ಯಂಟೆನಾ ಒಂದು ಕಂಬದ ಮೇಲೆ ಕೂರೋಷ್ಟು ಚಿಕ್ಕದಾಯ್ತು, ಕಂಬ ತಿರುಗಿಸಿದ್ರೆ ದಿಕ್ಕು ತಿರುಗ್ತು. ಚಿಕ್ಕದು ಅಂದ್ರೂ ಹ್ಯಾಮ್‌ಗಳ 20 ಮೀಟರ್ ಬ್ಯಾಂಡಿಗೆ ಒಂದೊಂದು ಕಡ್ಡಿ ಹತ್ತು ಮೀಟರ್ ಉದ್ದ! ಅಲ್ಯೂಮಿನಿಯಂ ಕೊಳವೆಯೊಳಗೆ ಇನ್ನೊಂದು ಕೊಳವೆ ತೂರಿಸಿ ಮಾಡ್ತಾರೆ, ಹೊರಗೆಳೆದ್ರೆ ಉದ್ದ, ಒಳಗೆ ತಳ್ಳಿದ್ರೆ ಗಿಡ್ಡ. ಸರಿ ಕೂತ ಮೇಲೆ ಕ್ಲಾಂಪ್ ಬಿಗಿ.

ಟ್ಯೂನ್ ಮಾಡೋ ಕ್ರಮವನ್ನೂ ಹೇಳ್ತೀನಿ. ಸ್ವಲ್ಪ ದೂರದಲ್ಲಿ ಒಂದು ಚಿಕ್ಕ ಸಿಗ್ನಲ್ ಇಡಬೇಕು. ಆ್ಯಂಟೆನಾದ ಬೆನ್ನನ್ನ ಅದರ ಕಡೆ ತಿರುಗಿಸಬೇಕು. ಸಿಗ್ನಲ್ ಅತಿ ಕಡಿಮೆ ಆಗೋವರೆಗೂ ಹಿಂದಿನ ಕಡ್ಡಿಯ ಉದ್ದವನ್ನ ಹೊಂದಿಸಬೇಕು. ಆಮೇಲೆ ಮುಖ ತಿರುಗಿಸಿ ಮುಂದಿನ ಕಡ್ಡಿ. ಒಂದನ್ನ ಮುಟ್ಟಿದ್ರೆ ಇನ್ನೊಂದು ಚೂರು ಕೆಡುತ್ತೆ, ಅದಕ್ಕೆ ಮತ್ತೆ ಮೊದಲಿಂದ. ವೈರು ಇರೋ ನಡುವಿನ ಕಡ್ಡಿಯ ಸರದಿ ಕೊನೆಗೆ. ಅದಕ್ಕೆ ಎಸ್‌ಡಬ್ಲ್ಯುಆರ್ ಮೀಟರ್ ಬೇಕು. ಬಿಕಾಂನವರಿಗೆ ಸುಲಭ: ಅದು ಸೇಲ್ಸ್ ರಿಟರ್ನ್ಸ್. ಕಳಿಸಿದ್ದರಲ್ಲಿ ಎಷ್ಟು ವಾಪಸ್ ಬಂತು ಅಂತ ಹೇಳುತ್ತೆ. 3 ತೋರಿಸಿದ್ರೆ ಕಾಲು ಭಾಗ ವಾಪಸ್. 1.3 ಅಂದ್ರೆ ನೂರಕ್ಕೆ ಎರಡೂ ಇಲ್ಲ. 1 ಅಂದ್ರೆ ಎಲ್ಲಾ ಮಾರಾಟ.

ಈಗ ಕೆಲವು ಆ್ಯಂಟೆನಾಗಳಲ್ಲಿ ಕಡ್ಡಿಯೇ ಇರಲ್ಲ. ಟೊಳ್ಳು ಕೊಳವೆಯೊಳಗೆ ಲೋಹದ ಪಟ್ಟಿಯನ್ನ ಮೋಟಾರ್ ಮುಂದಕ್ಕೆ ಹಿಂದಕ್ಕೆ ಎಳೀತಿರುತ್ತೆ. ಬಟನ್ ಒತ್ತಿದ್ರೆ ರಿಫ್ಲೆಕ್ಟರ್ ಡೈರೆಕ್ಟರ್ ಆಗುತ್ತೆ, ಡೈರೆಕ್ಟರ್ ರಿಫ್ಲೆಕ್ಟರ್ ಆಗುತ್ತೆ, ಕಂಬ ಅಲ್ಲಾಡದೇ ದಿಕ್ಕು ಉಲ್ಟಾ. ಉದ್ದ ಬದಲಿಸಿ ದಿಕ್ಕು ಬದಲಿಸೋದು! ಆ ಪೇಟೆಂಟ್ ಶೀರ್ಷಿಕೆ ನೆನಪಾಯ್ತಾ?

ನಮ್ಮ ದೇಶದ ನಂಟೂ ಇದೆ. ಉದಾ 1955ರಿಂದ 1958ರವರೆಗೆ ಯುನೆಸ್ಕೋ ತಜ್ಞರಾಗಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ರು. ಇನ್ನೊಂದು, ನಾನು ಹುಟ್ಟಿದ ವರ್ಷ 2005ರ ಮೇ 5ರಂದು ಇಸ್ರೋ ಹ್ಯಾಮ್‌ಸ್ಯಾಟ್ ಅಂತ 42.5 ಕೆಜಿ ತೂಕದ ಉಪಗ್ರಹವನ್ನ ಹ್ಯಾಮ್‌ಗಳಿಗೋಸ್ಕರವೇ ಹಾರಿಸಿತು. ಬೆಂಗಳೂರಿನಲ್ಲಿ ತಯಾರಾದದ್ದು. 2014ರವರೆಗೂ ಅದು ತಲೆ ಮೇಲೆ ಹಾದುಹೋಗುವಾಗ ಜನ ಕೈಯಲ್ಲಿ ಯಾಗಿ ಹಿಡ್ಕೊಂಡು ಅದರ ಮೂಲಕ ಮಾತಾಡ್ತಿದ್ರು.

ಭಾಗ 8/8
(ಫೋಟೋ: ಇದನ್ನ ನಾನು ತೆಗೆದದ್ದು. ಯಾಕೆ ಅಂತ ಓದಿ)

ಈಗ ಎರಡನೇ ತಪ್ಪು.

ನಮ್ಮ ಆ್ಯಂಟೆನಾದ ಅಳತೆ ಹ್ಯಾಮ್‌ಗಳ ನಡುವೆ ಪ್ರಸಿದ್ಧ: ಹಿಂದಿನ ಪಟ್ಟಿ 105 ಸೆಂಟಿಮೀಟರ್, ಮುಂದಿನದು 89, ನಡುವಿನದು ಎರಡು ತುಂಡು, ಒಂದೊಂದು 45. ನಾನು ಅವಸರದಲ್ಲಿ ನಡುವಿನ ತುಂಡುಗಳನ್ನ ಕಣ್ಣಳತೆಯಲ್ಲಿ ಕತ್ತರಿಸಿಬಿಟ್ಟೆ. ಗಿಡ್ಡ ಆಯ್ತು. ಲೈಸೆನ್ಸ್ ಇರೋ ಹ್ಯಾಮ್ ಅಂಕಲ್ ಒಬ್ಬರು ಬಂದು ಮೀಟರ್ ಹಾಕಿ ನೋಡಿದ್ರೆ 3 ದಾಟಿತ್ತು. "ಕತ್ತರಿಸಿದ್ದು ಮತ್ತೆ ಬೆಳೆಯಲ್ಲಮ್ಮ" ಅಂದ್ರು. ನಾನು ಬೇಜಾರಾಗಿ ಕೆಳಗೆ ಹೋಗಿ ಮಲಗಿದೆ.

ಮಾರನೇ ದಿನ ನನ್ನ ತಮ್ಮ, ಡಿಪ್ಲೊಮಾ ಓದ್ತಿದಾನೆ, ತನ್ನ ಪಾಕೆಟ್ ಮನಿಯಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ ಇನ್ನೊಂದು ಟೇಪ್ ತಂದ. ಈ ಸಲ ಬೇಕಂತಲೇ ಉದ್ದ ಬಿಟ್ಟ. ಬೆಸುಗೆ ಹಿಡೀಲಿ ಅಂತ ಹಳದಿ ಬಣ್ಣವನ್ನ ಉಪ್ಪುಕಾಗದದಲ್ಲಿ ಉಜ್ಜಿದ, ಬೆರಳು ಸುಟ್ಕೊಂಡ. ಅಂಕಲ್ ಬಂದಾಗಲೆಲ್ಲ ಎರಡೂ ಕಡೆ ಎರಡೆರಡು ಮಿಲಿಮೀಟರ್ ಕತ್ತರಿಸೋದು, ಮೀಟರ್ ನೋಡೋದು, ಪುಸ್ತಕದಲ್ಲಿ ಬರೆಯೋದು. ನಾಲ್ಕು ಸಂಜೆ. ನಾಲ್ಕನೇ ದಿನ ಮುಳ್ಳು 1.3ಕ್ಕೆ ಬಂತು.

ಬಾಹ್ಯಾಕಾಶ ನಿಲ್ದಾಣ ನಮ್ಮ ಮೇಲೆ ಹಾದುಹೋಗೋದು ಹತ್ತು ನಿಮಿಷದಷ್ಟೇ. ಚಿತ್ರ ಕಳಿಸ್ತಿದ್ದ ದಿನ, ಅದು ಎಲ್ಲಿದೆ ಅಂತ ಅವನು ಫೋನ್ ನೋಡಿ ಹೇಳ್ತಿದ್ದ, ನಾನು ತಿರುಗಿಸ್ತಿದ್ದೆ. 145.800ರಲ್ಲಿ ಕೀಂಯ್ ಕೀಂಯ್ ಸದ್ದು ಶುರುವಾಯ್ತು. ಅಮ್ಮ ಮೆಟ್ಟಿಲಿಂದಲೇ ಕೂಗಿದ್ರು: "ಬಂತಾ?"

"ಬಂತು!" ಅಂತ ಇಬ್ಬರೂ ಒಟ್ಟಿಗೆ ಕೂಗಿದ್ವಿ. ಆಮೇಲೆ ಅವನು ನನ್ನ ಫೋಟೋ ತೆಗೆದ. ನಾನು "ನಾನೇ ಮಾಡಿದ" ಅಂತ ಬರೆದೆ. ಅವನು ಒಂದು ಲೈಕ್ ಒತ್ತಿ ಸುಮ್ಮನಾದ. ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಫೋಟೋ ತೆಗೆದವರು ಫೋಟೋದಲ್ಲಿ ಇರಲ್ಲ ಅನ್ನೋದು ಎಷ್ಟು ಸರಳವಾದ ವಿಷಯ, ನನಗೆ ಹೊಳೆಯೋಕೆ ಸೆಂಡಾಯ್‌ವರೆಗೂ ಹೋಗಿ ಬರಬೇಕಾಯ್ತು.

1954ರಲ್ಲಿ ಉದಾ ತಮ್ಮ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಇಂಗ್ಲಿಷ್‌ನಲ್ಲಿ ಪುಸ್ತಕ ಬರೆದ್ರು. ಹೆಸರು "ಯಾಗಿ-ಉದಾ ಆ್ಯಂಟೆನಾ". ಗುರುಗಳ ಹೆಸರು ಮುಂದೆ, ತನ್ನದು ಹಿಂದೆ, ಆದ್ರೆ ಎರಡೂ ಇದೆ. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1976. 1995ರಲ್ಲಿ ಸೆಂಡಾಯ್‌ನ ಅದೇ ವಿಶ್ವವಿದ್ಯಾಲಯದಲ್ಲಿ ಹಾಕಿದ ಫಲಕದಲ್ಲೂ ಇಬ್ಬರ ಹೆಸರೂ ಇದೆ.

ಅದಕ್ಕೇ ಹಳೇ ಕ್ಯಾಪ್ಷನ್ ಎಡಿಟ್ ಮಾಡಿದೀನಿ. ಈಗ ಅದು ಹೀಗಿದೆ: "ತಮ್ಮ ಮತ್ತು ನಾನು ಮಾಡಿದ ಯಾಗಿ-ಉದಾ ಆ್ಯಂಟೆನಾ." ಸಸ್ಪೆನ್ಸ್ ಅಕೌಂಟ್ ಕ್ಲೋಸ್. ಇವತ್ತಿನ ಫೋಟೋದಲ್ಲಿ ಮೀಟರ್ ಮುಂದೆ ಬಗ್ಗಿ ಕೂತಿರೋನು ಅವನೇ, ಟ್ಯಾಗ್ ಮಾಡಿದೀನಿ, ಒತ್ತಿ ನೋಡಿ.

ನಿಮ್ಮ ಗ್ಯಾಲರಿಯಲ್ಲೂ ಇಂಥ ಒಂದು ಫೋಟೋ ಇರುತ್ತೆ. ಅದನ್ನ ತೆಗೆದವರು ಯಾರು? ಕೆಳಗೆ ಕಾಮೆಂಟ್‌ನಲ್ಲಿ ಅವರನ್ನ ಟ್ಯಾಗ್ ಮಾಡಿ.

#ಯಾಗಿಉದಾ #ಹ್ಯಾಮ್‌ರೇಡಿಯೋ #ತಾರಸಿಕತೆ #ಇತಿಹಾಸಕನ್ನಡದಲ್ಲಿ